ಬಿಡುವಿನ ವೇಳೆಗೆ ಬಿದಿರ ಬಿಲ್ಲು

(ನಮ್ಮ ವಲಯದ ಯುವಕ ಮಂಡಲವೊಂದರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜೋಪಚಾರ, ಗೊಬ್ಬರದ ಗುಂಡಿ, ಸಾಲು ನಾಟಿ ಇವುಗಳಲ್ಲಿ ಯಾವುದಾದರೊಂದನ್ನು ಹೇಳಿಯೇ ಹೇಳುತ್ತಾನೆಂದು ತಾವು ಕಾದು ಕುಳಿತಿದ್ದೀರಿ. ಇಂದು ಆ ಮಾತುಗಳನ್ನು ಎತ್ತುವುದಿಲ್ಲ. ಬಿದಿರಿನಿಂದ ಬಿಲ್ಲು ಮಾಡುವುದು ಹೇಗೆ ಎಂಬುದನ್ನು ತಮಗೆ ತಿಳಿಸಬಯಸುತ್ತೇನೆ. ನಗಬೇಡಿ. ಇದು ಮಕ್ಕಳಾಟದ ಮಾತಲ್ಲ. ಕಡೆಯವರೆಗೆ ಕೇಳಿ, ಆಮೇಲೆ ಬೇಕಾದರೆ ನಕ್ಕುಬಿಡಿ.

ಇದು ಕಾರ್ತಿಕ ಮಾಸ. ಇನ್ನು ಸ್ವಲ್ಪ ದಿನಕ್ಕೆ ಸುಗ್ಗಿ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮುಂಗಾರಿನ ಮೊದಲ ಮಳೆಯವರೆಗೆ ಮಳೆಯಾಶ್ರಯದ ಊರುಗಳಲ್ಲಿ ಹುಡುಗರಿಗೆ ಸಂಜೆಯ ಹೊತ್ತು ಕೆಲಸವಿರುವುದಿಲ್ಲ. ಜಗಲಿಯ ಮೇಲೆ ಇಸ್ಪೀಟು, ಕೈಯಲ್ಲಿ ಮೊಬೈಲು, ಇಲ್ಲವೆ ರಸ್ತೆಯ ಬದಿಯ ಅಂಗಡಿ. ಆಟವಾಡಿ ಎಂದರೆ ಬ್ಯಾಟು, ಬಲೆ, ಚೆಂಡು ಎಂದು ಪ್ರತಿಯೊಂದಕ್ಕೂ ದುಡ್ಡು ಬೇಕು. ಬಿಲ್ಲಿಗೆ ಬೇಕಾದ ಸಾಮಾನು ನಿಮ್ಮ ಹಿತ್ತಲಿನ ಮೆಳೆಯಲ್ಲಿದೆ. ಉಳಿದದ್ದು ನಿಮ್ಮ ಕೈಯಲ್ಲಿದೆ.

ಬಿಲ್ಲು ನಮಗೆ ಹೊಸದೇನೂ ಅಲ್ಲ. ಬಯಲಾಟದಲ್ಲಿ ಅರ್ಜುನನ ಕೈಯಲ್ಲಿ ಅದನ್ನು ಕಂಡಿದ್ದೀರಿ. ಆದರೆ ಬಣ್ಣದ ಕಾಗದ ಸುತ್ತಿದ ಆ ಬಿಲ್ಲನ್ನು ಎಳೆದರೆ ಎರಡು ತುಂಡಾಗುತ್ತದೆ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದು ನಿಂತ ವೀರರಿದ್ದಾರೆ. ನಮಗೆ ನೆರೆಯ ವಯನಾಡಿನಲ್ಲಿ 1802ರಲ್ಲಿ ತಲಕ್ಕಲ್ ಚಂದು ಎಂಬ ನಾಯಕನ ಕುರಿಚ್ಯರು ಬಿಲ್ಲು ಬಾಣಗಳನ್ನು ಹಿಡಿದೇ ಇಂಗ್ಲಿಷರ ಪನಮರಂ ಕೋಟೆಗೆ ನುಗ್ಗಿದರು. ರಾಜಸ್ಥಾನದ ಉದಯಪುರ ಜಿಲ್ಲೆಯ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಾಲ್ಯದಲ್ಲಿ ಬಿದಿರ ಬಿಲ್ಲು ಹಿಡಿದವರು. ಮುಂದೆ 1988, 1992 ಮತ್ತು 1996ರ ಮೂರು ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಬಾಣ ಬಿಟ್ಟರು. ರಾಂಚಿಯ ಬಳಿಯ ಆಟೋ ಚಾಲಕರ ಮಗಳು ದೀಪಿಕಾ ಕುಮಾರಿ ಮೊದಲು ಅಭ್ಯಾಸ ಮಾಡಿದ್ದು ಮನೆಯಲ್ಲೇ ಮಾಡಿಕೊಂಡ ಬಿದಿರ ಬಿಲ್ಲಿನಿಂದ; 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಆಕೆ ಎರಡು ಚಿನ್ನದ ಪದಕ ಗೆದ್ದರು. ನಮ್ಮ ದೇಶದ ಬಿಲ್ಲುಗಾರಿಕೆಯ ಪಂದ್ಯಗಳಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗವೇ ಇದೆ. ಅದರಲ್ಲಿ ಬಿದಿರ ಬಿಲ್ಲಿನಿಂದ 50 ಮೀಟರು ಮತ್ತು 30 ಮೀಟರು ದೂರದ ಗುರಿಗೆ ಹೊಡೆಯಬೇಕು. ನಿಮ್ಮ ಹುಡುಗರೆಲ್ಲರೂ ಪದಕ ತರುತ್ತಾರೆಂದು ನಾನು ಹೇಳುತ್ತಿಲ್ಲ. ಬಿದಿರ ಬಿಲ್ಲನ್ನು ಕೀಳಾಗಿ ಕಾಣಬೇಕಾಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನಾನು ಕಲಿತ ಬಗೆ

ನಾನು ಮಾಡಿದ ಮೊದಲ ಬಿಲ್ಲು ಮೂರನೆಯ ಎಳೆತಕ್ಕೆ ಮುರಿಯಿತು. ಒಂದು ತುಂಡು ಹಾರಿ ನನ್ನ ಹಣೆಗೆ ಬಡಿಯಿತು. ಆ ಗಾಯದ ಗುರುತು ಇನ್ನೂ ಇದೆ. ಕೃಷಿ ಡಿಪ್ಲೊಮಾ ಓದುವಾಗ ಬಿದಿರು ಹುಲ್ಲಿನ ಕುಲಕ್ಕೆ ಸೇರಿದ ಗಿಡವೆಂದು ನನಗೆ ಕಲಿಸಿದ್ದರು. ಅದಕ್ಕೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬುದನ್ನು ಅಲ್ಲಿ ಕಲಿತಿರಲಿಲ್ಲ. ಮುರಿದ ತುಂಡುಗಳನ್ನು ಹಿಡಿದುಕೊಂಡು ಮಂಕರಿ, ಮೊರ ಹೆಣೆಯುವ ಮೇದರ ಅಜ್ಜನೊಬ್ಬರ ಬಳಿಗೆ ಹೋದೆ. ಅವರು ತುಂಡನ್ನು ತಿರುಗಿಸಿ ನೋಡಿದರು.

"ಈ ಬಿದಿರು ಯಾವಾಗ ಕಡಿದದ್ದು ಸ್ವಾಮಿ?"

"ಶ್ರಾವಣದಲ್ಲಿ ಅಜ್ಜ."

"ಯಾವ ಮಗ್ಗುಲು ಕೆತ್ತಿದಿರಿ?"

"ಹೊರಮಗ್ಗುಲು. ನುಣುಪಾಗಲಿ ಎಂದು ಸಿಪ್ಪೆ ತೆಗೆದೆ."

ಅಜ್ಜ ನಕ್ಕರು. "ಹಸುವಿನ ಚರ್ಮ ಸುಲಿದು ಆಮೇಲೆ ಹಾಲು ಕರೀತೀರಾ ಸ್ವಾಮಿ?" ಎಂದರು.

ಅಂದಿನಿಂದ ಅವರೇ ನನಗೆ ಗುರು. ನಾನು ಈಗ ಹೇಳುವುದರಲ್ಲಿ ಬಹುಪಾಲು ಅವರಿಂದ ಕಲಿತದ್ದು. ಉಳಿದದ್ದು ಮುರಿದ ಬಿಲ್ಲುಗಳಿಂದ ಕಲಿತದ್ದು.

ಬಿದಿರನ್ನು ಆರಿಸುವುದು

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಎರಡು ಬಗೆ: ಮುಳ್ಳಿರುವ ಹೆಬ್ಬಿದಿರು ಮತ್ತು ಒಳಗೆ ಟೊಳ್ಳು ಕಡಿಮೆಯಿರುವ ಕಿರುಬಿದಿರು. ಎರಡರಿಂದಲೂ ಬಿಲ್ಲು ಆಗುತ್ತದೆ. ಹೊಸಬರಿಗೆ ಹೆಬ್ಬಿದಿರಿನ ಬುಡದ ಕಡೆಯ ಭಾಗ ಒಳ್ಳೆಯದು. ಅದರ ಗೋಡೆ ದಪ್ಪ, ಸೀಳಿದಾಗ ದಬ್ಬೆ ಅಗಲವಾಗಿ ಬರುತ್ತದೆ. ಗೋಡೆಯ ದಪ್ಪ ಅರ್ಧ ಅಂಗುಲಕ್ಕೆ ಕಡಿಮೆ ಇರಬಾರದು.

ಗಳ ಮೂರು ನಾಲ್ಕು ವರ್ಷ ಬಲಿತದ್ದಾಗಿರಬೇಕು. ಎಳೆಯದು ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ತೀರ ಮುದಿಯಾದದ್ದು, ಹೂ ಬಿಟ್ಟು ಒಣಗಿದ್ದು ಪಟಕ್ಕನೆ ಮುರಿಯುತ್ತದೆ. ಬಲಿತದ್ದನ್ನು ಗುರುತಿಸುವುದು ಸುಲಭ. ಗೆಣ್ಣಿನ ಮೇಲಿನ ಹೊದಿಕೆಯೆಲ್ಲ ಉದುರಿರುತ್ತದೆ, ಹಸಿರಿನ ಹೊಳಪು ಮಾಸಿರುತ್ತದೆ, ಅಲ್ಲಲ್ಲಿ ಬೂದು ಮಚ್ಚೆ ಕಟ್ಟಿರುತ್ತದೆ. ಮಚ್ಚಿನ ಹಿಂಬದಿಯಿಂದ ತಟ್ಟಿದರೆ ಟಣ್ಣೆಂದು ಗಟ್ಟಿ ದನಿ ಬರುತ್ತದೆ.

ಕಡಿಯುವ ಕಾಲ ಮುಖ್ಯ. ಮಳೆಗಾಲದಲ್ಲಿ ಕಳಲೆ ಏಳುವ ಸಮಯ, ಗಳದಲ್ಲಿ ನೀರು ತುಂಬಿರುತ್ತದೆ. ಆಗ ಕಡಿದ ಬಿದಿರು ಒಣಗುವಾಗ ಸೀಳುತ್ತದೆ, ಅದಕ್ಕೆ ಹುಳುವೂ ಬೇಗ ಬೀಳುತ್ತದೆ. ಕಾರ್ತಿಕದಿಂದ ಮಾಘದವರೆಗೆ ಕಡಿಯುವುದು ಉತ್ತಮ. ಕೊರೆಯುವ ಹುಳು ಬರುವುದು ಬಿದಿರಿನೊಳಗಿನ ಪಿಷ್ಟವನ್ನು ತಿನ್ನಲು. ಕಡಿದ ಗಳವನ್ನು ಎರಡು ಮೂರು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟರೆ ಆ ಪಿಷ್ಟ ಬಹುಮಟ್ಟಿಗೆ ಕರಗಿಹೋಗುತ್ತದೆ. ಮೆಳೆಯ ಅಂಚಿನಲ್ಲಿರುವ ಎಳೆಯ ಗಳಗಳನ್ನು ಮುಟ್ಟದೆ ನಡುವಿನ ಬಲಿತದ್ದನ್ನೇ ತೆಗೆಯಿರಿ. ನೆಲದಿಂದ ಗೇಣುದ್ದ ಬಿಟ್ಟು, ಗೆಣ್ಣಿಗೆ ಸರಿಯಾಗಿ ಮೇಲೆ ಕಡಿಯಿರಿ. ಮೋಟಿನಲ್ಲಿ ನೀರು ನಿಂತು ಕೊಳೆಯುವುದಿಲ್ಲ, ಮುಂದಿನ ವರ್ಷವೂ ಮೆಳೆ ಚೆನ್ನಾಗಿರುತ್ತದೆ.

ಬಿದಿರು ನಿಮ್ಮ ಹೊಲದ್ದಾಗಿರಲಿ, ಇಲ್ಲವೆ ಕೊಂಡದ್ದಾಗಿರಲಿ. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಬಿದಿರನ್ನೂ ಮರವೆಂದು ಎಣಿಸಿದ್ದರು. 2017ರಲ್ಲಿ ಆದ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಆ ಲೆಕ್ಕದಿಂದ ಹೊರಬಂದಿದೆ. ಬೇರೆ ಊರಿಗೆ ಸಾಗಿಸುವುದಿದ್ದರೆ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿಕೊಳ್ಳಿ. ಕಾಡಿನ ಬಿದಿರಿಗೆ ಮಾತ್ರ ಕೈ ಹಾಕಬೇಡಿ.

ಸೀಳಿ ಒಣಗಿಸುವುದು

ಐದೂವರೆ ಅಡಿ ಉದ್ದದ ತುಂಡನ್ನು ಕತ್ತರಿಸಿ, ಎರಡು ಅಂಗುಲ ಅಗಲದ ದಬ್ಬೆಗಳಾಗಿ ಸೀಳಿ. ಇದು ದೊಡ್ಡವರ ಅಳತೆ. ಹನ್ನೆರಡು ಹದಿಮೂರು ವರ್ಷದವರಿಗೆ ನಾಲ್ಕೂವರೆ ಅಡಿ ಸಾಕು. ಬಿಲ್ಲು ಗಿಡ್ಡವಾದಷ್ಟೂ ಅದರ ಮೇಲೆ ಬೀಳುವ ಒತ್ತಡ ಹೆಚ್ಚು, ಮುರಿಯುವ ಸಂಭವವೂ ಹೆಚ್ಚು.

ದಬ್ಬೆಯನ್ನು ನೇರವಾದ ಕೋಲಿಗೆ ಮೂರು ಕಡೆ ಬಿಗಿದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ. ಸೌದೆ ಒಲೆಯಿರುವ ಮನೆಯಾದರೆ ಒಲೆಯ ಮೇಲಿನ ಅಟ್ಟದಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ. ಹೊಗೆ ತಗುಲಿದ ಬಿದಿರಿನ ಹತ್ತಿರ ಹುಳು ಸುಳಿಯುವುದಿಲ್ಲ. ಎರಡು ತಿಂಗಳು ಅಲ್ಲಿರಲಿ. ಇಂದು ಕಡಿದು ನೀರಿಗೆ ಹಾಕಿದರೆ ಸುಗ್ಗಿ ಮುಗಿಯುವ ವೇಳೆಗೆ ದಬ್ಬೆ ಸಿದ್ಧವಾಗುತ್ತದೆ. ಅವಸರಪಟ್ಟು ಹಸಿ ದಬ್ಬೆಯಲ್ಲೇ ಬಿಲ್ಲು ಮಾಡಿದವರು ಒಂದೇ ವಾರದಲ್ಲಿ ಅದನ್ನು ಅವರೆ ಚಪ್ಪರಕ್ಕೆ ಊರುಗೋಲಾಗಿ ನೆಡುತ್ತಾರೆ.

ಬೆನ್ನು ಮತ್ತು ಹೊಟ್ಟೆ

ಬಿಲ್ಲು ಎಳೆದಾಗ ನಿಮ್ಮಿಂದ ಆಚೆಗಿರುವ ಮಗ್ಗುಲು ಹಿಗ್ಗುತ್ತದೆ, ನಿಮ್ಮ ಕಡೆಗಿರುವ ಮಗ್ಗುಲು ಕುಗ್ಗುತ್ತದೆ. ಆಚೆಯದು ಬೆನ್ನು, ಈಚೆಯದು ಹೊಟ್ಟೆ. ಬಿದಿರಿನಲ್ಲಿ ನಾರು ಒತ್ತಾಗಿರುವುದು ಹೊರಸಿಪ್ಪೆಯ ಕಡೆಗೆ. ಒಳಕ್ಕೆ ಹೋದಂತೆ ನಾರು ವಿರಳವಾಗಿ ತಿರುಳು ಹೆಚ್ಚುತ್ತದೆ. ಎಳೆತವನ್ನು ತಾಳುವುದು ನಾರು. ಆದ್ದರಿಂದ ಸಿಪ್ಪೆಯ ಮಗ್ಗುಲು ಬೆನ್ನಾಗಬೇಕು. ಅದಕ್ಕೆ ಕತ್ತಿ ತಾಗಕೂಡದು. ಒಂದು ಗೀರು ಬಿದ್ದರೂ ಬಿಲ್ಲು ಅಲ್ಲಿಂದಲೇ ಬಿರಿಯುತ್ತದೆ. ಗೆಣ್ಣಿನ ಉಬ್ಬನ್ನು ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಬಹುದು, ಅಷ್ಟೆ. ಕೆತ್ತುವುದೇನಿದ್ದರೂ ಹೊಟ್ಟೆಯ ಕಡೆ ಮತ್ತು ಎರಡು ಪಕ್ಕಗಳಲ್ಲಿ.

ದಬ್ಬೆಯ ಮಧ್ಯವನ್ನು ಗುರುತು ಮಾಡಿ. ಮಧ್ಯದಿಂದ ಎರಡು ಕಡೆಗೂ ಒಂದೊಂದು ಮೊಳ ದೂರ ಒಂದೂವರೆ ಅಂಗುಲ ಅಗಲವಿರಲಿ. ಅಲ್ಲಿಂದ ತುದಿಯವರೆಗೆ ಕ್ರಮವಾಗಿ ಇಳಿಸುತ್ತ ಅರ್ಧ ಅಂಗುಲಕ್ಕೆ ತನ್ನಿ. ಪಕ್ಕದ ಚೂಪು ಅಂಚುಗಳನ್ನು ದುಂಡಗೆ ಮಾಡಿ. ಒಳಗೆ ಗೆಣ್ಣಿನ ಅಡ್ಡಗೋಡೆಗಳನ್ನು ಸಮನಾಗಿ ಕೆರೆದು ತೆಗೆಯಿರಿ. ಮಧ್ಯದಲ್ಲಿ ಹೊಟ್ಟೆಯ ಕಡೆ ಗೇಣುದ್ದದ ಇನ್ನೊಂದು ದಬ್ಬೆಯನ್ನು ಕೂರಿಸಿ ದಾರದಿಂದ ಬಿಗಿಯಾಗಿ ಸುತ್ತಿದರೆ ಹಿಡಿ ಆಯಿತು. ಹಿಡಿಯ ಜಾಗ ಬಾಗಬಾರದು. ಎರಡು ತುದಿಗಳಲ್ಲಿ ಹೆದೆ ಕೂರುವುದಕ್ಕೆ ಓರೆಯಾಗಿ ಕಚ್ಚು ತೆಗೆಯಿರಿ. ಇದನ್ನು ಹಿಂದಿನವರು ಬಿಲ್ಲಿನ ಕೊಪ್ಪು ಎನ್ನುತ್ತಿದ್ದರು. ಕಚ್ಚನ್ನು ಪಕ್ಕಗಳಲ್ಲಿ ತೆಗೆಯಬೇಕು, ಬೆನ್ನಿನಲ್ಲಲ್ಲ.

ದಬ್ಬೆ ಎಲ್ಲಾದರೂ ಸೊಟ್ಟಗಿದ್ದರೆ ಆ ಜಾಗದ ಹೊಟ್ಟೆಯ ಕಡೆಯನ್ನು ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಬಿಸಿ ಮಾಡಿ, ಮೆಲ್ಲಗೆ ಒತ್ತಿ ನೇರ ಮಾಡಿ, ತಣ್ಣಗಾಗುವವರೆಗೆ ಹಾಗೆಯೇ ಹಿಡಿದಿರಿ. ಬಿದಿರು ಕಪ್ಪಾಗುವಷ್ಟು ಸುಡಬಾರದು.

ಹದ ನೋಡುವುದು

ಬಿಲ್ಲಿನ ಕೆಲಸವೆಲ್ಲ ಇರುವುದು ಇಲ್ಲಿ. ಇಲ್ಲಿಯವರೆಗೆ ಮಾಡಿದ್ದು ಮಚ್ಚು ಹಿಡಿಯಬಲ್ಲ ಯಾರಿಂದಲಾದರೂ ಆಗುತ್ತದೆ.

ಒಂದು ಸಡಿಲವಾದ ಹಗ್ಗವನ್ನು ಎರಡು ತುದಿಗೂ ಕಟ್ಟಿ. ಗೋಡೆಗೆ ಗಟ್ಟಿಯಾದ ಗೂಟ ಹೊಡೆದು, ಬಿಲ್ಲಿನ ಬೆನ್ನು ಮೇಲಾಗಿ ಹಿಡಿಯ ಜಾಗವನ್ನು ಅದರ ಮೇಲೆ ಕೂರಿಸಿ. ಹಗ್ಗ ಕೆಳಗೆ ಜೋತುಬೀಳುತ್ತದೆ. ಒಬ್ಬರು ಹಗ್ಗವನ್ನು ನಾಲ್ಕು ಅಂಗುಲ ಮಾತ್ರ ಕೆಳಕ್ಕೆ ಎಳೆಯಲಿ. ಇನ್ನೊಬ್ಬರು ಹತ್ತು ಹೆಜ್ಜೆ ಹಿಂದೆ ನಿಂತು ನೋಡಲಿ. ಎರಡು ತೋಳುಗಳೂ ಒಂದೇ ಸಮನಾಗಿ ಬಾಗುತ್ತಿವೆಯೆ? ಎಲ್ಲಿ ದಬ್ಬೆ ಮರದ ಹಲಗೆಯಂತೆ ಬಿಗಿದು ನಿಂತಿದೆ? ಎಲ್ಲಿ ಮೊಣಕೈಯಂತೆ ಮಡಿಸುತ್ತಿದೆ? ಬಿಗಿಯಿರುವ ಕಡೆ ಇದ್ದಿಲಿನಿಂದ ಗುರುತು ಮಾಡಿ, ಕೆಳಗಿಳಿಸಿ, ಅಲ್ಲಿ ಮಾತ್ರ ಕುಡುಗೋಲಿನಿಂದಲೋ ಗಾಜಿನ ಚೂರಿನಿಂದಲೋ ಹೊಟ್ಟೆಯ ಕಡೆ ಹತ್ತು ಸಲ ಕೆರೆಯಿರಿ. ಮತ್ತೆ ಗೂಟದ ಮೇಲಿಟ್ಟು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಿ. ಕೆರೆದದ್ದರ ಪರಿಣಾಮ ಬಿದಿರಿಗೆ ತಿಳಿಯಲು ಅಷ್ಟು ಬೇಕು. ಆಮೇಲೆ ಮತ್ತೆ ನೋಡಿ. ಸಮವಾದರೆ ಇನ್ನೆರಡು ಅಂಗುಲ ಹೆಚ್ಚು ಎಳೆಯಿರಿ. ಸಮವಾಗದಿದ್ದರೆ ಅದಕ್ಕಿಂತ ಮುಂದೆ ಎಳೆಯಲೇಬಾರದು.

ಅಜ್ಜ ಹೇಳಿದ ಸೂತ್ರ ಒಂದೇ: "ಬಿಗಿಯಿದ್ದಲ್ಲಿ ಕೆರೆ, ಸಡಿಲವಿದ್ದಲ್ಲಿ ಮುಟ್ಟಬೇಡ." ಹುಡುಗರು ಮಾಡುವ ತಪ್ಪು ಇದಕ್ಕೆ ವಿರುದ್ಧ. ಚೆನ್ನಾಗಿ ಬಾಗುವ ಜಾಗವನ್ನು ಕಂಡು ಸಂತೋಷಪಟ್ಟು ಅಲ್ಲೇ ಇನ್ನಷ್ಟು ಕೆರೆಯುತ್ತಾರೆ. ಭಾರವೆಲ್ಲ ಅಲ್ಲಿಗೇ ಬಂದು ಬಿಲ್ಲು ಅಲ್ಲೇ ಮುರಿಯುತ್ತದೆ. ತೆಗೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಆದ್ದರಿಂದ ಕೆರೆಯುವ ಹೊತ್ತಿಗಿಂತ ನೋಡುವ ಹೊತ್ತು ಹೆಚ್ಚಾಗಿರಲಿ. ಮೊದಲ ಬಿಲ್ಲಿಗೆ ನಾಲ್ಕೈದು ಸಂಜೆಗಳು ಬೇಕಾಗುತ್ತವೆ. ಒಂದೇ ಸಂಜೆಗೆ ಮುಗಿಸಿದವರ ಬಿಲ್ಲು ಉಳಿದುದನ್ನು ನಾನು ಕಂಡಿಲ್ಲ.

ಬಿಲ್ಲಿನ ಬಲ ಎಷ್ಟಿರಬೇಕು? ಅಳೆಯಲು ಯಂತ್ರ ಬೇಡ. ಗೂಟದ ಮೇಲಿಟ್ಟ ಬಿಲ್ಲಿನ ಹಗ್ಗಕ್ಕೆ ಬಕೆಟ್ಟು ನೇತುಹಾಕಿ ಲೀಟರು ಲೀಟರಾಗಿ ನೀರು ಹೊಯ್ಯಿರಿ. ಒಂದು ಲೀಟರು ನೀರೆಂದರೆ ಒಂದು ಕಿಲೋ. ಬಕೆಟ್ಟಿನ ತೂಕವನ್ನೂ ಸೇರಿಸಿ. ಕೊನೆಗೆ ಸರಿಯಾದ ಹೆದೆ ಹಾಕಿದ ಮೇಲೆ ಹತ್ತು ಕಿಲೋ ಭಾರಕ್ಕೆ ಹೆದೆ ಹಿಡಿಯಿಂದ 26 ಅಂಗುಲದಷ್ಟು ದೂರ ಬಂದರೆ ದೊಡ್ಡವರ ಅಭ್ಯಾಸಕ್ಕೆ ಅದೇ ಸಾಕು. ಹುಡುಗರ ಬಿಲ್ಲಿಗೆ ಐದಾರು ಕಿಲೋ ಸಾಕು, ಎಳೆತವೂ 20 ಅಂಗುಲಕ್ಕೆ ಮೀರದಿರಲಿ. ಹೆಚ್ಚು ಬಲದ ಬಿಲ್ಲು ಜಂಬಕ್ಕೆ ಚೆನ್ನ, ಗುರಿಗೆ ಚೆನ್ನಲ್ಲ.

ಹೆದೆ

ಸಂಸ್ಕೃತದಲ್ಲಿ ಹೆದೆಗೆ ಮೌರ್ವಿ ಎಂದೂ ಹೆಸರು. ಮೂರ್ವಾ ಎಂಬ ಗಿಡದ ನಾರಿನಿಂದ ಹೊಸೆಯುತ್ತಿದ್ದುದರಿಂದ ಆ ಹೆಸರು ಬಂತು. ಹೆದೆ ಎಂದರೆ ನಾರಿನ ಕೆಲಸ, ನಾರು ನಮಗೆ ಹೊಸದಲ್ಲ. ಪುಂಡಿ ನಾರನ್ನು ಚೆನ್ನಾಗಿ ಬಿಡಿಸಿ, ಮೂರು ಎಳೆ ಹೊಸೆದು, ಜೇನುಮೇಣ ಹಚ್ಚಿದರೆ ಹಗುರವಾದ ಬಿಲ್ಲಿಗೆ ಸಾಕು. ನಾರು ಸಿಗದಿದ್ದರೆ ಮೀನಿನ ಬಲೆ ಹೆಣೆಯುವ ನೈಲಾನ್ ದಾರವನ್ನು ಮೂರೆಳೆ ಮಾಡಿ ಹೊಸೆಯಿರಿ. ಅದು ಸ್ವಲ್ಪ ಹಿಗ್ಗುತ್ತದೆ, ಎರಡು ದಿನ ಬಿಟ್ಟು ಮತ್ತೆ ಬಿಗಿ ಮಾಡಬೇಕಾಗುತ್ತದೆ. ಹೆದೆ ಬಿಲ್ಲಿಗಿಂತ ಸುಮಾರು ಮೂರು ಅಂಗುಲ ಗಿಡ್ಡವಾಗಿರಲಿ. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವೆ ಮುಷ್ಟಿ ಕಟ್ಟಿ ಹೆಬ್ಬೆರಳು ಚಾಚಿದಷ್ಟು ಅಂತರವಿದ್ದರೆ ಸರಿ.

ಎರಡು ಮಾತು ನೆನಪಿಡಿ. ಬಾಣವಿಲ್ಲದೆ ಬರಿಯ ಹೆದೆ ಎಳೆದು ಬಿಡಕೂಡದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ಬಿಲ್ಲಿಗೇ ಬಡಿಯುತ್ತದೆ. ಎರಡನೆಯದು, ಆಟ ಮುಗಿದೊಡನೆ ಹೆದೆಯಿಳಿಸಿ ಇಡಬೇಕು. ಇಡೀ ದಿನ ನೊಗ ಹೊತ್ತ ಎತ್ತಿಗೆ ರಾತ್ರಿಯೂ ನೊಗ ಬಿಚ್ಚದಿದ್ದರೆ ಏನಾಗುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ಅಗಸೆ ಎಣ್ಣೆ ಸವರಿದರೆ ಬಿಲ್ಲು ಮಳೆಗಾಲದ ತೇವ ಕುಡಿಯುವುದಿಲ್ಲ.

ಬಾಣ ಮತ್ತು ಗುರಿ

ಬಾಣಕ್ಕೆ ಸಣ್ಣ ವಾಟೆ ಒಳ್ಳೆಯದು. ಅದು ಸಿಗದ ಕಡೆ ಬಿದಿರನ್ನೇ ಸೀಳಿ ಪೆನ್ಸಿಲಿನ ದಪ್ಪಕ್ಕೆ ದುಂಡಗೆ ಹೊರೆಯಬಹುದು. ಹಿಂಬದಿಯನ್ನು ಎದೆಯ ಮಧ್ಯಕ್ಕೆ ಒತ್ತಿ ಎರಡು ಕೈಗಳನ್ನು ಮುಂದಕ್ಕೆ ಚಾಚಿದರೆ ಬಾಣ ಬೆರಳ ತುದಿಯನ್ನು ಮುಟ್ಟಬೇಕು. ಅದಕ್ಕಿಂತ ಗಿಡ್ಡವಾದರೆ ಎಳೆಯುವಾಗ ಹಿಡಿಗೈಯನ್ನು ಚುಚ್ಚುತ್ತದೆ. ಹಿಂಬದಿಗೆ ಕೋಳಿಯ ಉದುರಿದ ರೆಕ್ಕೆಗರಿ ಮೂರನ್ನು ನಾಲ್ಕು ಅಂಗುಲ ಉದ್ದಕ್ಕೆ ಕತ್ತರಿಸಿ ಅಂಟಿಸಿ, ದಾರ ಸುತ್ತಿ. ಮೂರೂ ಒಂದೇ ಪಕ್ಕದ ರೆಕ್ಕೆಯವಾಗಿರಲಿ. ಕಬ್ಬಿಣದ ಮೊನೆ ಬೇಡವೇ ಬೇಡ. ಮೊಂಡಾದ ಪೆನ್ಸಿಲಿನಂತೆ ತುದಿಯಿದ್ದರೆ ಗುರಿಗೆ ನಾಟುತ್ತದೆ.

ಗುರಿಗೆ ಗೋಣಿಚೀಲದಲ್ಲಿ ಕಬ್ಬಿನ ತರಗನ್ನು ತುಳಿದು ತುಳಿದು ತುಂಬಿ. ದನದ ಮೇವಿನ ಹುಲ್ಲನ್ನು ಇದಕ್ಕೆ ಹಾಳು ಮಾಡಬೇಡಿ. ಚೀಲದ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬವಿರಬೇಕು. ಮೊದಲು ಹತ್ತು ಹೆಜ್ಜೆ ದೂರದಿಂದ ಹೊಡೆಯಿರಿ. ಹತ್ತರಲ್ಲಿ ಎಂಟು ಬಾಣ ಚೀಲಕ್ಕೆ ಬೀಳುವವರೆಗೆ ಹಿಂದೆ ಸರಿಯಬೇಡಿ.

ನನ್ನಿಂದಾದ ತಪ್ಪು

ಈಗ ಹೇಳುವುದನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮ ವಲಯದ ಬೇರೊಂದು ಹಳ್ಳಿಯಲ್ಲಿ ಈ ಕೆಲಸ ಪ್ರಾರಂಭಿಸಿದೆ. ಹುಡುಗರು ಬಿಲ್ಲು ಮಾಡಿದರು, ಚೆನ್ನಾಗಿಯೇ ಮಾಡಿದರು. ಹೊಡೆಯುವ ಜಾಗಕ್ಕೆ ಮಾತ್ರ ನಾನು ಯಾವ ಕಟ್ಟಳೆಯನ್ನೂ ಹಾಕಿರಲಿಲ್ಲ. ಒಬ್ಬ ಹತ್ತು ಹೆಜ್ಜೆಯಿಂದ ಹೊಡೆಯುತ್ತಿದ್ದ, ಮತ್ತೊಬ್ಬ ಇಪ್ಪತ್ತರಿಂದ. ಒಂದು ಸಂಜೆ ಹನ್ನೆರಡು ವರ್ಷದ ಹುಡುಗನೊಬ್ಬ ತನ್ನ ಬಾಣ ತರಲು ಓಡಿದ. ಹಿಂದಿನಿಂದ ಬಂದ ಬಾಣ ಅವನ ಕಿವಿಯನ್ನು ಹರಿದುಕೊಂಡು ಹೋಯಿತು. ಎರಡು ಬೆರಳು ಮುಂದಾಗಿದ್ದರೆ ಕಣ್ಣು. ಆಗ ನಾನು ಅಲ್ಲೇ ಇದ್ದೆ, ಯಾರೊಡನೆಯೋ ಮಾತನಾಡುತ್ತ ನಿಂತಿದ್ದೆ. ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು.

ಮರುದಿನ ಅವನ ತಾಯಿ ಬಂದರು. ಬಯ್ಯುತ್ತಾರೆಂದುಕೊಂಡೆ. ಅವರು ಬಿಲ್ಲನ್ನು ನನ್ನ ಮುಂದಿಟ್ಟು ಕೇಳಿದ್ದು ಇಷ್ಟೆ: "ಇದಕ್ಕೆ ಖರ್ಚು ಕಡಿಮೆ ಅಂತ ಹೇಳಿದ್ದಿರಿ. ಕಣ್ಣು ಹೋಗಿದ್ದರೆ ಅದಕ್ಕೆ ಎಷ್ಟು ಖರ್ಚು ಸ್ವಾಮಿ?"

ನನ್ನಲ್ಲಿ ಉತ್ತರವಿರಲಿಲ್ಲ. ಒಂದು ತಿಂಗಳು ಬಿಲ್ಲುಗಳನ್ನೆಲ್ಲ ಕಟ್ಟಿ ಅಟ್ಟದ ಮೇಲಿಟ್ಟೆವು. ಆಮೇಲೆ ಊರಿನ ಹಿರಿಯರು, ತಾಯಂದಿರು ಕುಳಿತು ಕಟ್ಟಳೆಗಳನ್ನು ಹಾಕಿದರು. ಅವುಗಳಲ್ಲಿ ಮೊದಲನೆಯದನ್ನು ಹೇಳಿದವರು ಆ ತಾಯಿಯೇ. ಅವು ಹೀಗಿವೆ:

1. ಎಲ್ಲರೂ ನೆಲದ ಮೇಲೆ ಸುಣ್ಣದಿಂದ ಎಳೆದ ಒಂದೇ ಗೆರೆಯ ಮೇಲೆ ನಿಂತು ಹೊಡೆಯಬೇಕು. ದೂರ ಬದಲಾಯಿಸುವುದಿದ್ದರೆ ಗುರಿಯನ್ನು ಸರಿಸಬೇಕು, ಗೆರೆಯನ್ನಲ್ಲ.

2. ಒಬ್ಬ ದೊಡ್ಡವರು ಸೀಟಿ ಹಿಡಿದು ನಿಂತಿರಬೇಕು. ಅವರಿಗೆ ಬೇರೆ ಕೆಲಸ, ಬೇರೆ ಮಾತು ಇರಕೂಡದು. ಒಂದು ಸೀಟಿಗೆ ಹೊಡೆಯುವುದು. ಎರಡು ಸೀಟಿಗೆ ಎಲ್ಲರೂ ಬಿಲ್ಲನ್ನು ನೆಲಕ್ಕಿಟ್ಟು ಆಮೇಲೆ ಬಾಣ ತರಲು ಹೋಗುವುದು.

3. ದಾರಿ, ಮನೆ, ದನ ಕಟ್ಟುವ ಜಾಗ ಇರುವ ದಿಕ್ಕಿಗೆ ಗುರಿ ಇಡಕೂಡದು. ಕೆರೆ ಏರಿಯನ್ನು ದಿಬ್ಬವಾಗಿ ಬಳಸಕೂಡದು. ಅದರ ಆಚೆ ಯಾರಿದ್ದಾರೆಂದು ಕಾಣುವುದಿಲ್ಲ.

4. ಮೇಲಕ್ಕೆ, ಆಕಾಶಕ್ಕೆ ಬಾಣ ಬಿಡಕೂಡದು.

5. ಪ್ರತಿ ಸಂಜೆ ಹೊಡೆಯುವ ಮುನ್ನ ಬಿಲ್ಲನ್ನೂ ಬಾಣಗಳನ್ನೂ ಕೈಯಾಡಿಸಿ ನೋಡಬೇಕು. ಸಿಬಿರೆದ್ದ ಬಿಲ್ಲು, ಬಿರಿದ ಬಾಣ ನೇರವಾಗಿ ಒಲೆಗೆ.

6. ಬಿಲ್ಲುಗಳು ಮಂಡಲದ ಕೋಣೆಯಲ್ಲಿ ಬೀಗದೊಳಗಿರಬೇಕು. ಚಿಕ್ಕ ಮಕ್ಕಳ ಕೈಗೆ ಸಿಗಕೂಡದು.

ಈ ಆರನ್ನು ಒಪ್ಪದ ಊರಿನಲ್ಲಿ ನಾನು ಬಿಲ್ಲು ಮಾಡಿಸುವುದಿಲ್ಲ. ಗಾಯವಾದ ಆ ಹುಡುಗ ಈಗ ಗೆರೆಯ ಮೇಲೆ ನಿಲ್ಲುತ್ತಾನೆ. ಎರಡು ಸೀಟಿ ಆಗುವವರೆಗೆ ಕಾಲು ಕೀಳುವುದಿಲ್ಲ.

ಹಂದಿ ಓಡಿಸಬಹುದೆ?

ಪ್ರತಿಯೊಂದು ಊರಿನಲ್ಲೂ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ರಾತ್ರಿ ಬಂದು ಜೋಳ, ಕಡಲೆಕಾಯಿ ಹಾಳು ಮಾಡುವ ಹಂದಿಯ ಮೇಲೆ ನಿಮಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಉತ್ತರ, ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಬೇಟೆಯಾಡುವುದು ಅಪರಾಧ. ಅದೂ ಅಲ್ಲದೆ, ನಾನು ಹೇಳಿದ ಬಿಲ್ಲಿನ ಬಾಣದಿಂದ ಹಂದಿ ಸಾಯುವುದಿಲ್ಲ; ಗಾಯಗೊಂಡು ತಿರುಗಿ ಬೀಳುತ್ತದೆ. ಮರುದಿನ ಬೆಳಿಗ್ಗೆ ನೀರು ಕಟ್ಟಲು ಹೋದವರನ್ನು ಅದು ಹಾಯಬಹುದು. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಅರ್ಜಿ ಬರೆಯಲು ನಾನು ಜೊತೆಗೆ ಬರುತ್ತೇನೆ.

ಹಕ್ಕಿಗಳ ಮೇಲೆಯೂ ಬಾಣ ಬಿಡಕೂಡದು. ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿ, ಹೊಲದ ಗೂಟದ ಮೇಲೆ ಕೂರುವ ಕಾಜಾಣ ನಮ್ಮ ಬೆಳೆಯ ಹುಳುಗಳನ್ನು ತಿನ್ನುವ ಕೂಲಿಯಿಲ್ಲದ ಆಳುಗಳು. ಗುರಿಯೆಂದರೆ ಗೋಣಿಚೀಲ, ಅಷ್ಟೆ.

ಖರ್ಚು ಮತ್ತು ಲಾಭ

ಬಿದಿರು ಮನೆಯದಾದರೆ ಕೈಯಿಂದ ಬೀಳುವ ಖರ್ಚು ದಾರಕ್ಕೆ, ಉಪ್ಪು ಕಾಗದಕ್ಕೆ, ಸ್ವಲ್ಪ ಅಂಟು ಮತ್ತು ಎಣ್ಣೆಗೆ. ಇಷ್ಟನ್ನು ನಾಲ್ಕೈದು ಮಂದಿ ಹಂಚಿಕೊಳ್ಳಬಹುದು. ಇನ್ನೊಂದು ಖರ್ಚನ್ನು ನಾನಾಗಿ ಸೇರಿಸುತ್ತೇನೆ. ಕಲಿಸಲು ಬರುವ ಮೇದರ ಹಿರಿಯರಿಗೆ ಒಂದು ದಿನದ ಕೂಲಿಗೆ ಕಡಿಮೆಯಿಲ್ಲದೆ ಕೊಡಬೇಕು. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಅವರ ಮಂಕರಿ ಕೊಳ್ಳುವವರು ಕಡಿಮೆಯಾದರು. ನಮ್ಮ ಅಜ್ಜನ ಮಕ್ಕಳಿಬ್ಬರೂ ಪಟ್ಟಣ ಸೇರಿದ್ದಾರೆ. "ನನ್ನ ಕೈಲಿರೋದು ನನ್ನ ಜೊತೆಗೇ ಹೋಗ್ತದೆ ಸ್ವಾಮಿ" ಎಂದು ಅವರು ಒಮ್ಮೆ ಹೇಳಿದ್ದರು. ಈಗ ಆ ಹಳ್ಳಿಯಲ್ಲಿ ಹನ್ನೊಂದು ಬಿಲ್ಲುಗಳಿವ�ೆ. ಹನ್ನೊಂದು ಮಂದಿ ಹುಡುಗರಿಗೆ ಬಲಿತ ಗಳ ಯಾವುದು, ಎಳೆಯದು ಯಾವುದು ಎಂದು ತಟ್ಟಿ ಹೇಳಲು ಬರುತ್ತದೆ. ಅವರಲ್ಲಿಬ್ಬರು ಗುದ್ದಲಿ ಕಾವು, ಏಣಿ, ಕೋಳಿಗೂಡು ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಿದ್ದಾರೆ. ಇದನ್ನು ನಾನು ಲಾಭದ ಲೆಕ್ಕಕ್ಕೆ ಹಿಡಿಯುತ್ತೇನೆ.

ಬಂಧುಗಳೆ, ಬಿಲ್ಲು ಮಾಡುವುದರಿಂದ ಬಡತನ ತೀರುವುದಿಲ್ಲ, ಇಳುವರಿಯೂ ಹೆಚ್ಚುವುದಿಲ್ಲ. ಸಂಜೆಯ ಹೊತ್ತು ಹತ್ತು ಹುಡುಗರು ಒಬ್ಬ ಹಿರಿಯರ ಮುಂದೆ ಕುಳಿತು, ಕೈಯಲ್ಲೊಂದು ದಬ್ಬೆ ಹಿಡಿದು, ಕೆರೆಯುವುದಕ್ಕಿಂತ ಹೆಚ್ಚು ಹೊತ್ತು ನೋಡುವುದನ್ನು ಕಲಿತರೆ ಅದು ನಷ್ಟದ ಬಾಬೇನೂ ಅಲ್ಲ. ಬಿದಿರು ಕಡಿಯುವ ಕಾಲ ಇದೇ. ಒಪ್ಪುವವರು ಮುಂದಿನ ಭಾನುವಾರ ಬೆಳಿಗ್ಗೆ ಒಂದು ಮಚ್ಚು ತೆಗೆದುಕೊಂಡು ಮಂಡಲದ ಕೋಣೆಗೆ ಬನ್ನಿ. ಅಜ್ಜನನ್ನು ನಾನು ಕರೆತರುತ್ತೇನೆ. ಸೀಟಿ ಹಿಡಿಯುವವರು ಯಾರೆಂಬುದನ್ನು ಮಾತ್ರ ಇಂದೇ, ಈ ಸಭೆಯಲ್ಲೇ ತೀರ್ಮಾನ ಮಾಡಿ ಏಳೋಣ.